ಒಂಬತ್ತು ಕೋಟುಗಳ ಒಳಜೇಬು

ನನ್ನ ತಮ್ಮ ಹುಟ್ಟಾ ದರ್ಜಿ. ಅಪ್ಪನ ಅಂಗಡಿಯ ಹೊಲಿಗೆ ಯಂತ್ರದ ಕೆಳಗೇ ಅಂಬೆಗಾಲಿಟ್ಟು ಬೆಳೆದವನು. ಅವನು ಓದಿ ಪೊಲೀಸ್ ಇಲಾಖೆ ಸೇರಿದಾಗ, ಸದ್ಯ ಪೀಡೆ ತೊಲಗಿತು, ಇನ್ನು ನಮ್ಮ ಮನೆಯಲ್ಲಿ ಯಾರೂ ಕತ್ತರಿ ಹಿಡಿಯಬೇಕಿಲ್ಲ ಎಂದು ನಾನು ಹಿಗ್ಗಿದ್ದೆ. ಇಲಾಖೆಯವರು ಜಾಣರು. ಅವನ ಕೈಗೆ ಮತ್ತೆ ಕತ್ತರಿಯನ್ನೇ ಕೊಟ್ಟರು.

ಒಂದು ಬೀದಿಯಲ್ಲಿ ಒಂಬತ್ತು ಜನ ಸೇರಿ ಬಾಂಬು ಸಿಡಿಸುವ ಸಂಚು ನಡೆಸಿದ್ದರು. ಹೊರಗಿನಿಂದ ಬಂದವರಲ್ಲ, ನಮ್ಮ ನಡುವೆಯೇ ಉಂಡು ಬೆಳೆದವರು. ಅವರ ಮೇಲೆ ಕಣ್ಣಿಡಲು ನನ್ನ ತಮ್ಮ ಅದೇ ಬೀದಿಯಲ್ಲಿ ಸುಳ್ಳು ಹೆಸರಿನಲ್ಲಿ ದರ್ಜಿ ಅಂಗಡಿ ತೆರೆದ. ಎರಡು ವರ್ಷ ಅವರ ಪ್ಯಾಂಟಿನ ಅಂಚು ಮಡಚುತ್ತ, ಅವರ ಮಾತಿಗೆ ಕಿವಿಗೊಟ್ಟು ಕೂತ. ಮನೆಯವರಿಗೆ ಮಾತ್ರ ಅವನು ದೂರದ ಯಾವುದೋ ಕಚೇರಿಯಲ್ಲಿ ಫೈಲು ನೋಡಿಕೊಂಡಿದ್ದಾನೆ ಎಂದಷ್ಟೇ ಗೊತ್ತು.

ಆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚಲು ಒಬ್ಬ ವಿಧವೆ ಇದ್ದಳು. ಎಲ್ಲರಿಗೂ ಅವಳು ಕಾಜಕ್ಕ. ಬಾಯಿ ಜೋರು. “ನೀನು ಹೊಲಿದ ಕಾಲರ್ ನೋಡಿದ್ರೆ ಕತ್ತೆ ಕಿವಿ ನೆನಪಾಗತ್ತೆ” ಎಂದು ಅಂಗಡಿ ಯಜಮಾನನಾದ ನನ್ನ ತಮ್ಮನನ್ನೇ ಛೇಡಿಸುವಳು. ಅವನು ಜ್ವರದಲ್ಲಿ ಮಲಗಿದಾಗ ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದವಳೂ ಅವಳೇ. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. “ಇನ್ಮೇಲೆ ನೀನೇ ನನ್ನ ತಮ್ಮ ಕಣೋ” ಅಂದಿದ್ದಳಂತೆ. ಆ ಮಾತನ್ನು ಆಮೇಲೆ ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಒಂದು ದಿನ ಆ ಗುಂಪಿನವರು ಒಂಬತ್ತು ಕೋಟು ಹೊಲಿಯಲು ಕೊಟ್ಟರು. ಒಳಗೆ ದೊಡ್ಡ ಜೇಬು ಬೇಕು, ಭಾರ ತಡೆಯುವಂತೆ ಬಟ್ಟೆ ಎರಡು ಪದರ ಇರಬೇಕು ಎಂದರು. ತಮ್ಮನಿಗೆ ಎಲ್ಲ ಅರ್ಥವಾಯಿತು. ಮೇಲಿನವರಿಗೆ ಸುದ್ದಿ ಮುಟ್ಟಿಸಿದ. “ಸುಮ್ನೆ ಹೊಲಿದು ಕೊಡು” ಎಂದರು. ಅಂಥ ಜೇಬಿಗೆ ಕೈಹೊಲಿಗೆಯೇ ಆಗಬೇಕು, ಅದೊಂದು ಅವನಿಗೆ ಎಂದೂ ಒಲಿದದ್ದಲ್ಲ. ಜೇಬುಗಳನ್ನು ಕಾಜಕ್ಕನ ಮುಂದಿಟ್ಟ. ಅಷ್ಟಕ್ಕೇ ಬಿಡಬಾರದಿತ್ತೇ? ನಮ್ಮಪ್ಪನ ಅಂಗಡಿಯಲ್ಲಿ, ಯಾರು ಹೊಲಿದರೋ ಅವರ ಹೆಸರಿನ ಚೀಟಿಯನ್ನು ಬಟ್ಟೆಯೊಳಗೆ ಎರಡು ಹೊಲಿಗೆ ಹಾಕಿ ಸಿಕ್ಕಿಸುವ ರೂಢಿಯಿತ್ತು. ಹೊಲಿಗೆ ಬಿಚ್ಚಿಕೊಂಡರೆ ಯಾರಿಗೆ ವಾಪಸು ಕೊಡಬೇಕೆಂದು ತಿಳಿಯಲಿ ಅಂತ. ಹೆಸರು, ಊರು, ಮಾತಿನ ಧಾಟಿ ಎಲ್ಲ ಬದಲಿಸಿಕೊಂಡವನ ಕೈ ಈ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಒಂಬತ್ತು ಜೇಬಿಗೂ ‘ಕಾಜಕ್ಕ’ ಎಂದು ಬರೆದ ಚೀಟಿ ಸಿಕ್ಕಿಸಿದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ.

ಕೋಟು ತೊಟ್ಟು ಹೊರಟ ಬೆಳಿಗ್ಗೆಯೇ ಒಂಬತ್ತೂ ಜನ ಸಿಕ್ಕಿಬಿದ್ದರು. ಒಂದು ಜೀವಕ್ಕೂ ಹಾನಿಯಾಗಲಿಲ್ಲ. ತಮ್ಮನನ್ನು ಮೇಲಿನವರು ಹಿಂದಿನ ದಿನವೇ ಅಲ್ಲಿಂದ ಕರೆಸಿಕೊಂಡಿದ್ದರು. ಹಿಡಿಯಲು ಬಂದ ಪೊಲೀಸರಿಗೆ ಅವನು ಯಾರೆಂದೇ ತಿಳಿಯದು. ಅವರು ಚೀಟಿ ಓದಿ ಕಾಜಕ್ಕನನ್ನು ಎಳೆದೊಯ್ದರು.

ಆಗ ಅವನು ಮನೆಗೆ ಬಂದು ಮೊದಲ ಸಲ ನನಗೆ ಎಲ್ಲ ಹೇಳಿದ. ಕೆಲಸ ಹೋದರೂ ಹೋಗಲಿ, ಅವಳಿಗೆ ಏನೂ ಗೊತ್ತಿಲ್ಲವೆಂದು ಕೋರ್ಟಿನಲ್ಲಿ ಹೇಳಿಬಿಡುತ್ತೇನೆ ಎಂದ. ಅಂಗಿ ತೊಟ್ಟು ಹೊರಡುವ ಹೊತ್ತಿಗೆ ಅವನ ಸಾಹೇಬರ ಫೋನು ಬಂತು.

“ಅವಳೇ ಒಪ್ಕೊಂಡಿದ್ದಾಳೆ ಕಣಯ್ಯ, ಗೊತ್ತಿದ್ದೇ ಹೊಲಿದೆ ಅಂತ. ನಂಬಿ ಮೋಸ ಹೋಗಿದ್ದೀಯ ನೀನು.”

ತೊಟ್ಟ ಅಂಗಿಯನ್ನು ತಮ್ಮ ಬಿಚ್ಚಿಟ್ಟ. ಎರಡು ವರ್ಷ ಎಲ್ಲರನ್ನೂ ಅನುಮಾನಿಸಿದವನಿಗೆ ಒಬ್ಬಳನ್ನು ನಂಬುವ ಶಕ್ತಿಯೂ ಉಳಿದಿರಲಿಲ್ಲ. ಕಾಜಕ್ಕನಿಗೆ ಹತ್ತು ವರ್ಷ ಶಿಕ್ಷೆಯಾಯಿತು.

ನನಗೆ ತಡೆಯಲಾಗಲಿಲ್ಲ. ದರ್ಜಿಯ ಅಕ್ಕ ಎಂದು ಹೇಳಿಕೊಂಡು ಜೈಲಿಗೆ ಹೋದೆ. ಜಾಲರಿಯ ಆಚೆ ಒಣಕಲು ಹೆಂಗಸೊಬ್ಬಳು ಬಂದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಪಿಸುಗುಟ್ಟಿದಳು.

“ತಮ್ಮ ಸಿಕ್ಕಿಬಿದ್ದಿಲ್ಲ ತಾನೇ? ಕೋಟು ಕತ್ತರಿಸಿದ್ದು ಯಾರು, ಅವನೆಲ್ಲಿ ಅಂತ ಹೊಡೆದು ಕೇಳಿದ್ರು. ಎಲ್ಲ ನಂದೇ, ಅವನಿಗೇನೂ ಗೊತ್ತಿಲ್ಲ ಅಂದ್ಬಿಟ್ಟೆ. ಬಾಳಿ ಬದುಕೋ ವಯಸ್ಸು ಕಣಮ್ಮ ಅವನಿಗೆ.”

ನನ್ನ ನಾಲಿಗೆ ಎಷ್ಟು ಹರಿತವೆಂದು ನೆಂಟರಿಷ್ಟರಿಗೆಲ್ಲ ಗೊತ್ತು. ಅಂದು “ಇಲ್ಲಕ್ಕ, ಸಿಕ್ಕಿಬಿದ್ದಿಲ್ಲ” ಎಂದಷ್ಟೇ ಹೇಳಿ ಬಂದೆ.

ತಮ್ಮ ಬಾಗಿಲಲ್ಲೇ ಕಾದಿದ್ದ. “ಅವಳಿಗೆ ಗೊತ್ತಿತ್ತಾ ಅಕ್ಕ?” ಎಂದ. ನಡೆದದ್ದು ಹೇಳಿದೆ. ಹೊಸ್ತಿಲ ಮೇಲೆ ಕೂತು ಅತ್ತ. ಮಾರನೆಯ ದಿನವೇ ಕೋರ್ಟಿಗೆ ಅರ್ಜಿ ಹಾಕಿದ. ತಾನು ಪೊಲೀಸ್, ಜೇಬು ಹೊಲಿಯಲು ಕೊಟ್ಟವನು ತಾನೇ, ಅವಳು ನಿರಪರಾಧಿ ಎಂದು ಬರೆದ. ಅಂಥ ನೌಕರ ನಮ್ಮಲ್ಲಿಲ್ಲ, ಯಾರೋ ತಲೆಕೆಟ್ಟವನಿರಬೇಕು ಎಂದು ಇಲಾಖೆ ಉತ್ತರ ಕೊಟ್ಟಿತು. ಅರ್ಜಿ ವಜಾ ಆಯಿತು.

ಆ ಸುದ್ದಿ ಜೈಲಿಗೂ ಮುಟ್ಟಿತು. ಮುಂದಿನ ಸಲ ಹೋದಾಗ ಕಾಜಕ್ಕ ಕಣ್ಣು ಒರೆಸಿಕೊಳ್ಳುತ್ತಲೇ ಬಂದಳು.

“ನನ್ನ ಬಿಡಿಸೋಕೆ ತಾನು ಪೊಲೀಸ್ ಅಂತ ಸುಳ್ಳು ಹೇಳಿದ್ನಂತಲ್ಲ, ಹುಚ್ಚ! ಇನ್ನೊಂದ್ಸಲ ಹಾಗೆ ಮಾಡ್ಬೇಡ ಅನ್ನಮ್ಮ ಅವನಿಗೆ. ಹಿಡಿದು ಒಳಗೆ ಹಾಕಿಬಿಡ್ತಾರೆ.”