ಇಬ್ಬರಿಗೆ ಒಂದೇ ಜಾಗ

ನನ್ನ ಅಕ್ಷರ ಸೊಟ್ಟ, ಗೊತ್ತಿರುವ ಪದಗಳೂ ಕಡಿಮೆ, ಕ್ಷಮಿಸಿ. ಮೈದಾನದ ಎದುರು ನಾನು ಬಡಿಸುವ ಹೋಟೆಲಿಗೆ ದಿನಾ ಬರುವ ಲವೆಲ್ ಪ್ರೂಯಿಟ್ ಅಮೆರಿಕನ್ ಫುಟ್‌ಬಾಲಿನ ಲೈನ್‌ಬ್ಯಾಕರ್. ಚೆಂಡು ಹಿಡಿದು ನುಗ್ಗುವವರನ್ನು ಕೆಡವುವುದೇ ಅವರ ಹನ್ನೊಂದು ವರ್ಷದ ಉದ್ಯೋಗ. ಬಾಗಿಲಲ್ಲಿ ಮುದುಕಿ ಎದುರಾದರೆ ಮಾತ್ರ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ. ಹನ್ನೆರಡು ಮೊಟ್ಟೆ ತಿಂದು, "ಇವತ್ತು ಹಸಿವಿಲ್ಲ ಕಣಮ್ಮ" ಎನ್ನುತ್ತಾರೆ. ಈ ಸಲ ಅವರ ಜಾಗಕ್ಕೇ ಪೈಪೋಟಿಗೆ ಜಮಾರಿ ಎಂಬ ಹೊಸಬ ಬಂದಿದ್ದಾನೆ; ಶನಿವಾರ ಇಬ್ಬರಲ್ಲಿ ಒಬ್ಬರನ್ನು ತಂಡದಿಂದ ಮನೆಗೆ ಕಳಿಸುತ್ತಾರೆ. ನಿನ್ನೆ ಪ್ರೂಯಿಟ್ ಅದೇ ಜಮಾರಿಯನ್ನು ಕೂರಿಸಿಕೊಂಡು, ಉಪ್ಪು, ಮೆಣಸಿನ ಡಬ್ಬಿಗಳನ್ನು ಆಟಗಾರರ ಹಾಗೆ ಮೇಜಿನ ಮೇಲೆ ಜೋಡಿಸಿ, "ಎರಡು ಹೆಜ್ಜೆ ಎಡಕ್ಕೆ ನಿಲ್ಲೋ ಮಂಕೇ, ಇಲ್ಲಾಂದ್ರೆ ನನ್ ಥರ ಮೊಣಕಾಲು ಕಳ್ಕೋತೀಯ" ಎಂದು ತೋರಿಸುತ್ತಿದ್ದರು. ಅಡುಗೆಯ ಗ್ಲೆಂಡಾ, "ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೋತೀರಲ್ಲ" ಎಂದರು. "ತಪ್ಪು ಜಾಗದಲ್ಲಿ ನಿಂತೋನ್ನ ನೋಡ್ಕೊಂಡು ಸುಮ್ನಿರೋಕೆ ನಂಗೆ ಬರಲ್ಲ" ಎಂದರು ಪ್ರೂಯಿಟ್. ಶನಿವಾರ ನಾನು ಮೈದಾನದ ಗೇಟಿನ ಹತ್ತಿರ ನಿಂತಿರುತ್ತೇನೆ. ತಂಡ ಬಿಟ್ಟು ಹೊರಗೆ ಬರುವವರು ಪ್ರೂಯಿಟ್ ಅವರೇ ಆದರೆ, ಪದ ಕಡಿಮೆಯಿದ್ದರೂ ನಾನೇ ಮೊದಲು ಮಾತನಾಡಿಸುತ್ತೇನೆ.