ಬೆಕ್ಕಿನ ಕಣ್ಣಿನವರ ಮನೆಯ ಕಪ್ಪು ಕಣ್ಣು

ಹೋದ ವಾರ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದೆ. ಪೊರೆ ಬಂದಿದೆಯಂತೆ. ಆ ಡಾಕ್ಟರ್ ಹುಡುಗಿ ಬ್ಯಾಟರಿ ಹಿಡಿದು, "ನೇರವಾಗಿ ನನ್ನನ್ನೇ ನೋಡಿ ಅಜ್ಜಿ, ಯಾಕೆ ಕೆಳಗೆ ನೋಡ್ತೀರಾ?" ಅಂದಳು. ಎಷ್ಟೋ ಕಾಲದ ಅಭ್ಯಾಸ, ಅವಳಿಗೆ ಹೇಗೆ ಹೇಳಲಿ? ನಿಮಗೆ ಹೇಳುತ್ತೇನೆ.

ನಮ್ಮಪ್ಪನದು ಬೆಕ್ಕಿನ ಕಣ್ಣು. ಅಮ್ಮನದೂ ಅದೇ, ಅಪ್ಪನ ಸೋದರಮಾವನ ಮಗಳೇ ಅಲ್ಲವೆ. ಚಾಮರಾಜಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಮನೆ ಎಲ್ಲಿ ಎಂದರೆ ಜನ, ಬೆಕ್ಕಿನ ಕಣ್ಣಿನವರ ಮನೆಯಾ ಎಂದು ತಿರುಗಿ ಕೇಳುತ್ತಿದ್ದರು. ಅಂಥ ಮನೆತನದಲ್ಲಿ ನಾನೊಬ್ಬಳು ಇದ್ದಿಲಿನಂಥ ಕಪ್ಪು ಕಣ್ಣು ಹೊತ್ತು ಹುಟ್ಟಿದೆ. ಚಿಕ್ಕಂದಿನಲ್ಲಿ ಅದರ ಜಂಬವೇ ಇತ್ತು. ಕಾಡಿಗೆ ಒಪ್ಪುವುದು ನನಗೊಬ್ಬಳಿಗೇ ಎಂದು.

ಹೈಸ್ಕೂಲಿನಲ್ಲಿದ್ದೆ, ಐವತ್ತರ ದಶಕದ ಮೊದಲ ಭಾಗ. ಗೌರಿಹಬ್ಬಕ್ಕೆ ದೊಡ್ಡಪ್ಪನ ಮನೆಯಲ್ಲಿ ಊಟ. ಅವರ ಹೊಸ ಅಳಿಯ ಸೈನ್ಸ್ ಮೇಷ್ಟ್ರು. ಒಳ್ಳೆಯವರೇ; ಗೊತ್ತಿದ್ದನ್ನು ಹೇಳದೆ ಇರಲಾರರು, ಅಷ್ಟೆ. ಪಂಕ್ತಿಯಲ್ಲಿ ಮೆಂಡೆಲನ ಬಟಾಣಿ ಗಿಡದ ವಿಷಯ ತೆಗೆದರು. ಎರಡು ಬಿಳಿ ಹೂವಿನ ಗಿಡ ಕೂಡಿಸಿದರೆ ಬಿಳಿಯೇ ಹುಟ್ಟಬೇಕು, ಬಣ್ಣ ಬರುವ ಹಾಗೇ ಇಲ್ಲ ಎಂದು ವಿವರಿಸಿದರು.

"ಈಗ ನಮ್ಮ ಮಾವನವರ ಕಡೇನೇ ತಗೊಳ್ಳಿ. ಗಂಡ ಹೆಂಡತಿ ಇಬ್ರಿಗೂ ಬೆಕ್ಕಿನ ಕಣ್ಣಿದ್ರೆ ಮಗೂಗೆ ಕಪ್ಪು ಕಣ್ಣು..." ಎನ್ನುತ್ತ, ಎದುರಿಗೆ ಕೂತಿದ್ದ ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

ಮಾತು ಮುಗಿಸಿದ್ದರೇ ಚೆನ್ನಾಗಿತ್ತು. ಅಷ್ಟೂ ಜನ ಒಮ್ಮೆ ನನ್ನನ್ನು, ಒಮ್ಮೆ ಹುಳಿ ಬಡಿಸುತ್ತಿದ್ದ ಅಮ್ಮನನ್ನು ನೋಡಿದರು. ಯಾರೋ ಕೆಮ್ಮಿದರು. ಅಪ್ಪ ತಲೆ ಎತ್ತದೆ ಇನ್ನೊಂದಿಷ್ಟು ಅನ್ನ ಕೇಳಿದರು. ಅಮ್ಮ ಕೊನೆಯ ಎಲೆಯವರೆಗೂ ಬಡಿಸಿ ಒಳಗೆ ಹೋದಳು. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಕರೆ ಬಂದಾಗಲೆಲ್ಲ ತಲೆನೋವು ಎನ್ನುತ್ತಿದ್ದಳು.

ನಾನು ಕಣ್ಣು ತಗ್ಗಿಸಿದ್ದು ಅವತ್ತು. ಕಾಡಿಗೆಯನ್ನೂ ಬಿಟ್ಟೆ. ಬಸವನಗುಡಿಯ ನಮ್ಮ ಬೀದಿಯ ಹೆಂಗಸರು ಎಷ್ಟು ವಿನಯದ ಹುಡುಗಿ ಎಂದು ಹೊಗಳುತ್ತಿದ್ದರು. ಆ ವಿನಯದ ಹುಡುಗಿ ಮಾಡುತ್ತಿದ್ದದ್ದೇನು ಗೊತ್ತೆ? ಕಪ್ಪು ಕಣ್ಣಿನ ಗಂಡಸರನ್ನೆಲ್ಲ ಓರೆಗಣ್ಣಲ್ಲಿ ಪರೀಕ್ಷಿಸುತ್ತಿದ್ದಳು. ಹಾಲಿನವನು, ಅಂಚೆಯವನು, ಪಕ್ಕದ ಮನೆಯ ಸಂಗೀತದ ಮೇಷ್ಟ್ರು. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರ ಕಣ್ಣೂ ಕಪ್ಪೇ ಎನ್ನುವುದು ಹೊಳೆಯಲೇ ಇಲ್ಲ ನೋಡಿ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಕಾಲೇಜಿನಲ್ಲಿ ಬಾಟನಿ ತೆಗೆದುಕೊಂಡೆ. ಒಂದು ಮಧ್ಯಾಹ್ನ ಲೆಕ್ಚರರು ಸ್ವೀಟ್ ಪೀ ಹೂವಿನ ಪಾಠ ಮಾಡಿದರು. ಬೇರೆ ಬೇರೆ ತಳಿಯ ಎರಡು ಬಿಳಿ ಹೂವಿನ ಗಿಡ ಕೂಡಿಸಿದಾಗ ಹುಟ್ಟಿದ್ದೆಲ್ಲ ನೇರಳೆ ಹೂವಂತೆ. ಬಣ್ಣಕ್ಕೆ ಬೇಕಾದ ಒಂದು ಅಂಶ ಇದರಲ್ಲಿ, ಇನ್ನೊಂದು ಅದರಲ್ಲಿ. ಎರಡೂ ಸೇರಿದ ಮೇಲೇ ಬಣ್ಣ. ಮನುಷ್ಯರ ಕಣ್ಣೂ ಮೆಂಡೆಲನ ಬಟಾಣಿಯಷ್ಟು ಸರಳವಲ್ಲ. ಬೆಕ್ಕಿನ ಕಣ್ಣಿನ ತಂದೆತಾಯಿಗೆ ಕಪ್ಪು ಕಣ್ಣಿನ ಮಗು ಅಪರೂಪ, ಆದರೆ ಹುಟ್ಟಬಹುದು ಎಂದರು. ನಾನು ಮನೆಗೆ ಓಡಿಯೇ ಬಂದೆ.

ಅಮ್ಮ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಇದನ್ನ ನನಗ್ಯಾಕೆ ಹೇಳ್ತಿದೀಯ?" ಎಂದಳು. "ನನಗೆ ಗೊತ್ತಿರಲಿಲ್ವಾ? ಗೊತ್ತಾಗ್ಬೇಕಾಗಿದ್ದು ನಿನಗೆ."

ಆಫೀಸಿನಿಂದ ಬಂದ ಅಪ್ಪ ಕೋಟು ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದರು. "ಅವತ್ತು ಪಂಕ್ತೀಲಿ ನಾನು ಮಾತಾಡ್ಬೇಕಾಗಿತ್ತು" ಎಂದರು. ಅಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆಯೇ ಅಪ್ಪ ಒಬ್ಬರೇ ಚಾಮರಾಜಪೇಟೆಗೆ ನಡೆದುಹೋಗಿ, ಅಳಿಯನನ್ನೂ ಕರೆಸಿ, ಅವಳು ನನ್ನ ಮಗಳು, ಅವತ್ತೇ ಇದನ್ನು ಹೇಳದೆ ಹೇಡಿಯಾದೆ ಎಂದು ಎಲ್ಲರ ಮುಂದೆ ಹೇಳಿ ಬಂದರಂತೆ. ಮರುದಿನ ದೊಡ್ಡಮ್ಮ ಬಂದು ಅಮ್ಮನ ಕೈ ಹಿಡಿದು ಮನೆಗೆ ಕರೆದರು. ಅಮ್ಮ ಕಾಫಿ ಕೊಟ್ಟು ಕಳಿಸಿದಳು. ಕೊನೆಯವರೆಗೂ ಹೋಗಲಿಲ್ಲ.

ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ, ಆ ಮನೆಯ ಅಡಿಗೆ ಸೇರುತ್ತಿರಲಿಲ್ಲ ಎಂದೇ ನನ್ನ ಮಕ್ಕಳು ತಿಳಿದಿದ್ದಾರೆ. ನಾನೇ ಹಾಗೆ ಹೇಳಿದ್ದೆ. ಈ ಭಾನುವಾರ ಬರುತ್ತಾರೆ; ಎಲ್ಲರೂ ಊಟಕ್ಕೆ ಕೂತಾಗ ನಿಜ ಹೇಳಬೇಕು. ಅಮ್ಮನನ್ನು ಅನುಮಾನಿಸಿದವರಲ್ಲಿ ನಾನೂ ಒಬ್ಬಳು ಎನ್ನುವುದರಿಂದಲೇ ಶುರುಮಾಡುತ್ತೇನೆ.