ಕೋಡಿನ ಕಂಪ್ಯೂಟರ್

ನಾನು ರಾಣೆಬೆನ್ನೂರಿನಲ್ಲಿ ಕೂತು ಬೀಜದ ಪಾಕೀಟುಗಳಿಗೆ ಚಿತ್ರ ಮಾಡುವವನು. ಯಾವ ಹೊಲದಲ್ಲೂ ಬಿಡದಷ್ಟು ಕೆಂಪು ಟೊಮ್ಯಾಟೊ, ಯಾವ ಗಿಡವೂ ಹೊರಲಾರದಷ್ಟು ದಪ್ಪ ಬದನೆಕಾಯಿ ನನ್ನ ಕೈಯಲ್ಲಿ ಬೆಳೆಯುತ್ತವೆ. ಈ ಸುಳ್ಳಿನ ಬೇಸಾಯಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು. ದುಬಾರಿ ಮ್ಯಾಕ್ ಕಂಪ್ಯೂಟರ್ ಕೊಳ್ಳುವ ಶಕ್ತಿ ಇರಲಿಲ್ಲ, ಮ್ಯಾಕ್ ಬಿಟ್ಟಿರುವ ಮನಸ್ಸೂ ಇರಲಿಲ್ಲ. ಹಾಗಾಗಿ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ನಾನೇ ಜೋಡಿಸಿ, ಅದರೊಳಗೆ ಮ್ಯಾಕನ್ನು ನಡೆಸುವ ತಂತ್ರಾಂಶ ಮ್ಯಾಕ್ ಓಎಸ್ ಕೂರಿಸಿದೆ. ಪೆಟ್ಟಿಗೆ ತನ್ನನ್ನು ತಾನು ಅಸಲಿ ಮ್ಯಾಕ್ ಎಂದೇ ನಂಬಿಕೊಂಡಿತ್ತು. ನಾನೂ ಅದರ ಮುಂದೆ ಆ ವಿಷಯ ಎತ್ತುತ್ತಿರಲಿಲ್ಲ.

ವೈ-ಫೈ ಮಾತ್ರ ಸಲೀಸಾಗಿ ಒಲಿಯಲಿಲ್ಲ. ಸಂಬಂಧ ಬೆಳೆಸುವುದರಲ್ಲಿ ಮ್ಯಾಕ್ ಬಹಳ ಬಿಗಿ. ಕಂಡಕಂಡ ವೈರ್‌ಲೆಸ್ ಕಾರ್ಡನ್ನು ಅದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾವೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ, ಕೆಟ್ಟುಹೋದ ಅಸಲಿ ಮ್ಯಾಕಿನಿಂದ ಬಿಚ್ಚಿದ ಕಾರ್ಡೊಂದನ್ನು ಹುಡುಕಿಕೊಟ್ಟ. ಅದಕ್ಕೆ ಪೆಟ್ಟಿಗೆಯ ಹಿಂಬದಿಯಲ್ಲಿ ತಿರುಪಿ ಕೂರಿಸುವ ಎರಡು ಕಪ್ಪು ಆಂಟೆನಾ. ನೋಡಿದವರೆಲ್ಲ ಅವನ್ನು ಕೋಡು ಎಂದೇ ಕರೆದರು.

ಬ್ಯಾಡಗಿಗೆ ಕೊಟ್ಟ ನನ್ನ ಅಕ್ಕ ಕಾರಹುಣ್ಣಿಮೆಗೆ ತವರಿಗೆ ಬಂದಳು. ಅವಳದು ಮೆಣಸಿನಕಾಯಿ ವ್ಯಾಪಾರದ ಮನೆ, ಬಾಯಿಯೂ ಅದಕ್ಕೆ ತಕ್ಕಂತೆ.

“ಏನೋ ಇದು, ಕೋಡ ಬಂದಿರೋ ಪೆಟಗಿ?” ಎಂದಳು.

“ಇದು ನನ್ನ ಎತ್ತಬೇ. ಇದರ ದುಡಿತದಾಗ ಈ ಮನಿ ನಡ್ಯಾಕತ್ತೈತಿ” ಎಂದು ಕೊಚ್ಚಿಕೊಂಡೆ.

ಕೊಚ್ಚಿಕೊಳ್ಳುವಾಗ ದಿನ ಯಾವುದೆಂದು ನೋಡಿಕೊಳ್ಳಬೇಕಿತ್ತು; ಅವತ್ತು ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯಲು ಓಡಿಸುವ ಹಬ್ಬ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅಕ್ಕ, ಪಕ್ಕದ ಮನೆಯವರು ಎತ್ತಿನ ಕೋಡಿಗೆಂದು ತಂದಿದ್ದ ಬಣ್ಣ ಇಸಿದುಕೊಂಡು ಬಂದು, ಒಂದು ಆಂಟೆನಾಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಹಚ್ಚಿ, ನಡುವೆ ಗೊಂಡೆ ಕಟ್ಟಿ ಕೂತಿದ್ದಳು.

“ಎತ್ತು ಅಂದಿ, ಹಬ್ಬ ಮಾಡೇನಿ. ಇನ್ನ ಇದನ್ನ ಕರಿ ಹರಿಯಾಕ ಓಡಿಸೋದೊಂದು ಬಾಕಿ ಐತಿ ನೋಡು” ಎಂದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕು, ಬಣ್ಣವನ್ನು ಹಾಗೇ ಬಿಟ್ಟೆ. ಮೇಜಿನ ಹತ್ತಿರ ಇಂಟರ್ನೆಟ್ಟಿನ ಕೇಬಲ್ ಇದ್ದುದರಿಂದ ದಿನದ ಕೆಲಸಕ್ಕೆ ವೈ-ಫೈ ಬೇಕಾಗುತ್ತಿರಲಿಲ್ಲ. ಆಮೇಲೊಂದು ದಿನ, ಸುಮ್ಮನಿರಲಾರದೆ, ಮ್ಯಾಕ್ ಓಎಸ್ಸನ್ನು ಹೊಸದಕ್ಕೆ ಏರಿಸಿದೆ.

ಅಷ್ಟರಲ್ಲಿ ನನಗೆ ಎರಡನೆಯ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿದ್ದೇ ತಡ, ಬ್ಯಾಡಗಿಯಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ತೊಡೆಯತನಕ ಪ್ಲಾಸ್ಟರ್. ಮಂಚ ಬಿಟ್ಟು ಅಲುಗಾಡಬಾರದು ಎಂದು ಡಾಕ್ಟರು ಹೇಳಿದರು.

ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಉಸುರುತ್ತಾಳೆ. ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬಗ್ಗಿದ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದಬೇಕೋ ಯಾರಿಗೂ ಗೊತ್ತಿಲ್ಲ, ಆದರೆ ಈ ಅವಕಾಶವನ್ನು ಯಾರೂ ಬಿಡುವುದಿಲ್ಲ. ನಮ್ಮ ಮನೆತನದ ಮಕ್ಕಳಿಗೆಲ್ಲ ಹೆಸರಿಟ್ಟು ಗುದ್ದು ತಿಂದವಳು ಅಕ್ಕನೇ. ಅವಳು ಬರದಿದ್ದರೆ ಆ ಪಾಳಿ ಹಾವೇರಿಯಲ್ಲಿರುವ ತಂಗಿಗೆ, ಅಂದರೆ ಚಿಕ್ಕಪ್ಪನ ಮಗಳಿಗೆ, ಹೋಗುತ್ತಿತ್ತು. ಯಾವುದೋ ಮದುವೆಯಲ್ಲಿ ಸೀರೆಯ ಮಾತಿಗೆ ಕೆಟ್ಟ ಮೇಲೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಿದವರಲ್ಲ.

“ಫೋನಿನ್ಯಾಗ ಹೇಳಿದರ ಆಗಂಗಿಲ್ಲ” ಎಂದು ಅವ್ವ ಮೊದಲೇ ತೀರ್ಪು ಕೊಟ್ಟಳು. “ಹೆಸರಿಡೋದಂದ್ರ ರೀಚಾರ್ಜ್ ಮಾಡಿಸೋದೇನು? ತೊಟ್ಟಿಲ ಬಾಜೂಕ ಆಕಿ ಮುಖ ಎಲ್ಲಾರಿಗೂ ಕಾಣಬೇಕು. ಇಲ್ಲಂದ್ರ ಹಾವೇರಿ ಹುಡುಗಿ ಹೆಸರಿಡ್ಲಿ.”

“ನನ್ನ ಮ್ಯಾಕ್ ಐತಲ್ಲ, ಇಷ್ಟು ದೊಡ್ಡ ಪರದೆ ಮ್ಯಾಲೆ ಅಕ್ಕನ್ನ ತೋರಸ್ತೇನಿ” ಎಂದೆ. ಮತ್ತೆ ಕೊಚ್ಚಿಕೊಂಡೆ ನೋಡಿ.

ಅಕ್ಕ ಫೋನಿನಲ್ಲಿ ಅವತ್ತು ಚೇಷ್ಟೆ ಮಾಡಲಿಲ್ಲ. “ತಮ್ಮಾ, ಮತ್ತೇನೂ ಕೇಳಂಗಿಲ್ಲ. ಇದೊಂದು ನನಗ ಉಳಸಿಕೊಡೋ” ಎಂದಳು. 

ಪೆಟ್ಟಿಗೆಯನ್ನು ಹೊತ್ತು ತೊಟ್ಟಿಲು ಕಟ್ಟುವ ನಡುಮನೆಗೆ ತಂದೆ. ಕೇಬಲ್ ಅಲ್ಲಿಯವರೆಗೆ ಎಳೆದಿದ್ದರೆ ಬಂದ ಹೆಂಗಸರೆಲ್ಲ ಎಡವಿ ಅಕ್ಕನ ಹಾಗೆ ಪ್ಲಾಸ್ಟರ್ ಹಾಕಿಸಿಕೊಳ್ಳುವವರೇ. ವೈ-ಫೈ ಒತ್ತಿದೆ. ಗುರುತು ಬಂತು, ಆದರೆ ಪಟ್ಟಿ ಖಾಲಿ. ನಮ್ಮದಿರಲಿ, ಓಣಿಯ ಒಂದು ನೆಟ್‌ವರ್ಕೂ ಇಲ್ಲ.

ಇದು ಆ ಹೊಸ ಓಎಸ್ಸಿನದೇ ಕಿತಾಪತಿ ಎಂದುಕೊಂಡೆ. ಹಳೆಯ ಕಾರ್ಡುಗಳನ್ನು ಅದು ಕೈಬಿಡುತ್ತದೆಂದು ಓದಿದ್ದೆ. ಡ್ರೈವರ್ ತೆಗೆದೆ, ಹಾಕಿದೆ. ಸೆಟ್ಟಿಂಗ್ ತಿದ್ದಿದೆ, ತಿದ್ದಿದ್ದನ್ನು ಮತ್ತೆ ತಿದ್ದಿದೆ. ಯಾವುದೋ ದೇಶದವನು ಬರೆದ ಉಪಾಯ ಮಾಡಿದೆ, ಸ್ಪೀಕರ್ ಹೋಯಿತು. ಅದನ್ನು ಸರಿಮಾಡುವಷ್ಟರಲ್ಲಿ ಕ್ಯಾಮೆರಾ ಮುನಿಸಿಕೊಂಡಿತು. ಕೊನೆಗೆ ಹಳೆಯ ಓಎಸ್ಸನ್ನೇ ಮರಳಿ ಹಾಕಿದೆ. ಎಲ್ಲ ಮೊದಲಿನಂತಾಯಿತು, ಪಟ್ಟಿಯೂ ಮೊದಲಿನಂತೆ ಖಾಲಿ.

ಕಾರ್ಡೇ ಸತ್ತಿರಬೇಕೆಂದು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹಾವೇರಿಯ ಬಸ್ಸು ಹತ್ತಿದೆ. ಗೆಳೆಯ ತನ್ನ ಅಂಗಡಿಯ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿ, ಅಲ್ಲಿದ್ದ ಆಂಟೆನಾ ಹಚ್ಚಿದ. ಎದುರಿನ ಖಾನಾವಳಿಯ ವೈ-ಫೈ ಸಹ ಬಂದು ನಿಂತಿತು.

“ಅರೇ ಭಾಯಿ, ಕಾರ್ಡ್ ಏಕದಂ ತಂದುರುಸ್ತ ಐತಿ. ಖರೇ ಹೇಳ್ತೇನಿ, ನಿನ್ನ ಮ್ಯಾಕಿಗೆ ಯಾರದೋ ಕೆಟ್ಟ ನೆದರು ಆಗೇತಿ” ಎಂದ. ಇಬ್ಬರಿಗೂ ಹೊಳೆಯಬೇಕಾದದ್ದು ಹೊಳೆಯಲಿಲ್ಲ. ಚಹಾ ಕುಡಿದು ವಾಪಸು ಬಂದೆ.

ತೊಟ್ಟಿಲ ದಿನ ಬೆಳಗಾಯಿತು. ಗುಗ್ಗರಿ ಬೇಯುತ್ತಿತ್ತು. ಹಾವೇರಿಯ ತಂಗಿ ಹೊಸ ಇಳಕಲ್ ಸೀರೆ ಉಟ್ಟು, ಹೆಸರಿಡಲು ತಯಾರಾಗಿಯೇ ಬಂದು ಕೂತಳು. ನಾನು ಪೆಟ್ಟಿಗೆಯ ಹಿಂದೆ ಬೆವರುತ್ತಾ ಮಂಡಿಯೂರಿದ್ದೆ. ಬಾಣಂತಿ ಹೆಂಡತಿ ಬಂದು ನೋಡಿ, “ಅಕ್ಕಾರು ಅವತ್ತು ಈ ಕೋಡು ಬಿಚ್ಚಿ ಬುಡಸಮೇತ ಬಣ್ಣದ ಡಬ್ಬಿಯೊಳಗ ಅದ್ದಿದ್ರು. ಒಳಗೂ ಹೋಗೇತೋ ಏನೋ” ಎಂದಳು.

ಬಿಚ್ಚಿ ನೋಡಿದೆ. ತಿರುಪಿನ ಒಳಗೆ, ಕಾರ್ಡಿನ ಸೂಜಿ ಹೊಕ್ಕು ತಾಗಬೇಕಾದ ಸಣ್ಣ ತೂತಿನ ತುಂಬ ಬಣ್ಣ ಕಲ್ಲಾಗಿ ಕೂತಿತ್ತು. ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಸಿಟ್ಟು ತೀರಿಸಿಕೊಳ್ಳೋಣವೆಂದರೆ ಆಸಾಮಿ ಬ್ಯಾಡಗಿಯಲ್ಲಿ ಮಲಗಿದ್ದಾಳೆ.

ಹೆಂಡತಿಯ ಉಗುರುಬಣ್ಣ ತೆಗೆಯುವ ದ್ರಾವಣ, ಅವ್ವನ ಹೊಲಿಗೆಯ ಸೂಜಿ, ಎರಡೂ ಸೇರಿ ತೂತು ಬಿಡಿಸಿದವು. ತಿರುಪಿದೆ. ಓಣಿಯ ವೈ-ಫೈಗಳೆಲ್ಲ ಪಟ್ಟಿಗೆ ಬಂದು ಸಾಲಾಗಿ ನಿಂತವು. ಸ್ವಲ್ಪ ಹೊತ್ತಿಗೆ ತೊಟ್ಟಿಲ ಪಕ್ಕದಲ್ಲಿ, ಕುಂಕುಮ ಇಟ್ಟುಕೊಂಡ ಅಕ್ಕನ ಮುಖ ಮೊರದಗಲವಾಗಿ ಪರದೆ ತುಂಬಿತು. ಹೆಂಗಸರೆಲ್ಲ ಹೋ ಎಂದರು. ಹಾವೇರಿಯ ತಂಗಿ ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು.

ಕಿವಿಯಲ್ಲಿ ಹೇಳಬೇಕಲ್ಲ, ಅದಕ್ಕೆ ನಾನು ಹೆಡ್‌ಫೋನ್ ಹಿಡಿದು ತೊಟ್ಟಿಲಿಗೆ ಬಗ್ಗಿದೆ. ಬ್ಯಾಡಗಿಯಿಂದ ಕುರ್‍ರ್ ಎಂಬ ಸದ್ದು ಬಂತು, ಆಮೇಲೆ ಹೆಸರು. ಮಗಳು ಕಣ್ಣು ಬಿಟ್ಟಳು. ನನ್ನ ಕಣ್ಣು ತುಂಬಿತು.

ಮರುಕ್ಷಣ ಬೆನ್ನಿಗೆ ಮೊದಲ ಗುದ್ದು ಬಿತ್ತು. ತೊಟ್ಟಿಲಿಗೆ ಬಗ್ಗಿದ ಬೆನ್ನು ಯಾರದೆಂದು ನಮ್ಮ ಹೆಂಗಸರು ವಿಚಾರಿಸುವುದಿಲ್ಲ. ಅತ್ತಿಂದೊಂದು, ಇತ್ತಿಂದೊಂದು ಬೀಳತೊಡಗಿದವು. ಆ ರಭಸಕ್ಕೆ ಹೆಡ್‌ಫೋನಿನ ವೈರು ಕಿತ್ತುಬಂದು, ಅಕ್ಕನ ದನಿ ಸ್ಪೀಕರಿನಲ್ಲಿ ಮೊಳಗಿತು.

“ಹಾಕ್ರಿ, ಹಾಕ್ರಿ! ಅವು ನನ್ನ ಗುದ್ದು, ಒಂದೂ ಕಡಿಮಿ ಮಾಡಬ್ಯಾಡ್ರಿ!” ಅಕ್ಕ ನಗುತ್ತಾ ಅಳುತ್ತಾ ಕೂಗುತ್ತಿದ್ದಳು.

ಕೊನೆಯದು ಉಸಿರೇ ನಿಲ್ಲುವಂತೆ ಬಿತ್ತು. ತಿರುಗಿ ನೋಡಿದರೆ ಹಾವೇರಿಯ ತಂಗಿ ಮುಷ್ಟಿ ಬಿಡಿಸಿಕೊಳ್ಳುತ್ತಿದ್ದಳು.

ಪರದೆಯ ಮೇಲೆ ಅಕ್ಕ ಕಣ್ಣೊರೆಸಿಕೊಂಡು, “ಅದು ನನಗ ಮುಟ್ಟಿತವಾ ತಂಗಿ. ಊಟಾ ಮಾಡಿಕೊಂಡು ಹೋಗು” ಎಂದಳು.